ಲೇಪಾಕ್ಷಿಯ ಭಂಡಾರಿ ವಿರುಪಣ್ಣ

ಕಲೆಯ ಚರಿತ್ರೆಯಲ್ಲಿ ಇಬ್ಬರು ಎಂದೂ ಜೊತೆಜೊತೆಯಾಗಿಯೇ ನಡೆಯುವರು. ಒಬ್ಬನು ಕುಂಚವನ್ನೋ ಉಳಿಯನ್ನೋ ಹಿಡಿದವನು. ಮತ್ತೊಬ್ಬನು ಅವನಿಗೆ ಅನ್ನವನ್ನೂ ಅವಕಾಶವನ್ನೂ ಒದಗಿಸಿದವನು. ಒಬ್ಬನನ್ನು ಬಿಟ್ಟು ಇನ್ನೊಬ್ಬನ ಕೀರ್ತಿ ನಿಲ್ಲದು. ಆದರೂ ಕಾಲಪುರುಷನು ಇವರಿಬ್ಬರನ್ನು ಸಮನಾಗಿ ನೆನೆಯುವುದಿಲ್ಲ. ರೋಮ್ ನಗರದ ಸಿಸ್ಟೀನ್ ಪ್ರಾರ್ಥನಾಮಂದಿರದ ಮೇಲ್ಛಾವಣಿಯಲ್ಲಿ 1508ರಿಂದ 1512ರವರೆಗೆ ಚಿತ್ರ ಬರೆದವನು ಮೈಕೆಲೇಂಜೆಲೊ. ಬರೆಯಿಸಿದವನು ಪೋಪ್ ಎರಡನೆಯ ಜೂಲಿಯಸ್. ತಾನು ಶಿಲ್ಪಿಯೇ ಹೊರತು ಚಿತ್ರಗಾರನಲ್ಲವೆಂದು ಹಿಂಜರಿದ ಕಲಾವಿದನಿಗೂ, ಕಾರ್ಯವು ಬೇಗನೆ ಕೈಗೂಡಲೆಂದು ಆತುರಪಟ್ಟ ಒಡೆಯನಿಗೂ ನಡೆದ ತಿಕ್ಕಾಟವನ್ನು ಕ್ಯಾರಲ್ ರೀಡ್ ಎಂಬ ನಿರ್ದೇಶಕನು 1965ರಲ್ಲಿ ಚಲನಚಿತ್ರವನ್ನಾಗಿ ಮಾಡಿದನು. ಅದಕ್ಕೆ ಒಂದು ವರ್ಷ ಮೊದಲೇ, 1964ರಲ್ಲಿ, ನಮ್ಮ ನಾಡಿನ ಜನ ಅಮರಶಿಲ್ಪಿ ಜಕಣಾಚಾರಿಯ ಕಥೆಯನ್ನು ಕನ್ನಡದ ವರ್ಣಚಿತ್ರದಲ್ಲಿ ಕಂಡು ಕಣ್ಣೀರು ಹಾಕಿದ್ದರು. ಅಲ್ಲಿ ರೋಮ್, ಇಲ್ಲಿ ಬೇಲೂರು. ಕಥೆಯ ತಿರುಳು ಮಾತ್ರ ಒಂದೇ. ಸೌಂದರ್ಯಕ್ಕೆ ಬೆಲೆ ತೆರುವವರು ಯಾರು ಎಂಬುದೇ ಆ ತಿರುಳು.

ಜಕಣಾಚಾರಿಯು ತನ್ನ ಶಿಲ್ಪದಲ್ಲಿ ದೋಷ ಕಂಡುಬಂದುದಕ್ಕಾಗಿ ತನ್ನ ಬಲಗೈಯನ್ನು ತಾನೇ ಕತ್ತರಿಸಿಕೊಂಡನೆಂದೂ, ನಮ್ಮ ತುಮಕೂರಿಗೆ ಸಮೀಪದ ಕೈದಾಳದಲ್ಲಿ ದೇವರ ಅನುಗ್ರಹದಿಂದ ಆ ಕೈ ಮರಳಿ ಬಂದಿತೆಂದೂ ಐತಿಹ್ಯವುಂಟು. ಅದೇ ಬಗೆಯ, ಆದರೆ ಅದಕ್ಕಿಂತ ಕಠೋರವಾದ ಇನ್ನೊಂದು ಐತಿಹ್ಯ ನಮ್ಮ ಗಡಿಯಾಚೆಗೆ ಕೂಗಳತೆಯಲ್ಲಿಯೇ ಇದೆ. ಅಲ್ಲಿ ನೊಂದವನು ಶಿಲ್ಪಿಯಲ್ಲ, ಶಿಲ್ಪಿಯನ್ನು ಪೋಷಿಸಿದವನು. ಹೋದದ್ದು ಕೈಯಲ್ಲ, ಕಣ್ಣು. ಮತ್ತು ಆ ಕಣ್ಣುಗಳು ಮರಳಿ ಬರಲಿಲ್ಲ. ಆತನೇ ಲೇಪಾಕ್ಷಿಯ ವೀರಭದ್ರಾಲಯವನ್ನು ಕಟ್ಟಿಸಿದ ವಿರುಪಣ್ಣ.

ಕೆಲವು ವರ್ಷಗಳ ಹಿಂದೆ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆಂದು ಲೇಪಾಕ್ಷಿಗೆ ಕರೆದುಕೊಂಡು ಹೋಗಿದ್ದೆವು. ಕಥೆಯನ್ನು ಹೇಳಿ ಮುಗಿಸಿದಾಗ ಒಬ್ಬ ಹುಡುಗನು ಎದ್ದುನಿಂತು, ಹಾಗಾದರೆ ವಿರುಪಣ್ಣನು ಕಳ್ಳನೋ ಭಕ್ತನೋ ಎಂದು ಕೇಳಿದನು. ಮೂವತ್ತು ವರ್ಷಗಳಿಂದ ವ್ಯಾಕರಣವನ್ನೂ ಕಾವ್ಯವನ್ನೂ ಪಾಠ ಹೇಳಿಕೊಂಡು ಬಂದ ನನಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಆ ಬಾಲಕನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈ ಸಂಚಿಕೆಯ ವಾಚಕರ ಮುಂದೆ ನಿವೇದಿಸುವುದೇ ಈ ಲೇಖನದ ಉದ್ದೇಶ.

ನಾಗಲಮಡಿಕೆಯ ಅಂತ್ಯ ಸುಬ್ರಹ್ಮಣ್ಯನ ಪಾದವನ್ನು ತೊಳೆಯುವ ಉತ್ತರ ಪಿನಾಕಿನಿಯು ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರು ಹಿಂದೂಪುರಗಳ ಪ್ರಾಂತವನ್ನು ದಾಟಿ ನಮ್ಮ ಪಾವಗಡ ತಾಲ್ಲೂಕಿಗೆ ಬರುತ್ತಾಳೆ. ಆ ಹಿಂದೂಪುರಕ್ಕೆ ಪೂರ್ವದಲ್ಲಿ ಸುಮಾರು 15 ಕಿಲೋಮೀಟರು ದೂರದಲ್ಲಿದೆ ಲೇಪಾಕ್ಷಿ. ಇಂದು ಅದು ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ರಾಜ್ಯಗಳ ಗಡಿರೇಖೆಗಳು ಈಚಿನವು. ನದಿಯೂ ನುಡಿಯೂ ಅವುಗಳಿಗಿಂತ ಹಳೆಯವು. ಅಲ್ಲಿಯ ಬಂಡೆಗಳ ಮೇಲೆ, ಗೋಡೆಗಳ ಮೇಲೆ ಇರುವ ಶಾಸನಗಳಲ್ಲಿ ಕನ್ನಡದ ಅಕ್ಷರಗಳನ್ನು ಕಂಡಾಗ ನಮ್ಮ ಮಕ್ಕಳು ತಮ್ಮ ಮನೆಯ ಬಾಗಿಲನ್ನೇ ಕಂಡವರಂತೆ ಹಿಗ್ಗಿದರು.

ವಿರುಪಣ್ಣನು ಹದಿನಾರನೆಯ ಶತಮಾನದ ಮೊದಲರ್ಧದಲ್ಲಿ ಬಾಳಿದವನು. ನಂದಿ ಲಕ್ಕಿಸೆಟ್ಟಿಯ ಮಗ. ವೀರಣ್ಣನೆಂಬವನು ಆತನ ಸೋದರ. ಸೆಟ್ಟಿಯೆಂಬ ತಂದೆಯ ಹೆಸರು ವ್ಯಾಪಾರದ ಮನೆತನವನ್ನು ಸೂಚಿಸುತ್ತದೆ. ಲೆಕ್ಕಪತ್ರದ ಶಿಸ್ತು ಅಂತಹ ಮನೆಯ ಮಕ್ಕಳಿಗೆ ಎಳವೆಯಿಂದಲೇ ಬರುವ ವಿದ್ಯೆ. ವಿಜಯನಗರದ ಸಿಂಹಾಸನದಲ್ಲಿ ಕೃಷ್ಣದೇವರಾಯನ ತರುವಾಯ 1529ರಲ್ಲಿ ಅವನ ತಮ್ಮ ಅಚ್ಯುತದೇವರಾಯನು ಕುಳಿತು 1542ರವರೆಗೆ ಆಳಿದನು. ಆ ಕಾಲದಲ್ಲಿ ಈ ಸೋದರರು ಪೆನುಕೊಂಡೆಯ ಪ್ರಾಂತದಲ್ಲಿ ಅರಸನ ಅಧಿಕಾರಿಗಳಾಗಿ ಏಳಿಗೆಗೆ ಬಂದರು. ಪೆನುಕೊಂಡೆಯೆಂದರೆ ಸಾಮಾನ್ಯ ಊರಲ್ಲ. 1565ರ ರಕ್ಕಸತಂಗಡಿಯ ಕಾಳಗದ ಬಳಿಕ ಸಾಮ್ರಾಜ್ಯಕ್ಕೆ ರಾಜಧಾನಿಯಾಗುವಷ್ಟು ಗಟ್ಟಿಯಾದ ಗಿರಿದುರ್ಗವದು. ಅಂತಹ ಪ್ರಾಂತದ ಬೊಕ್ಕಸದ ಬೀಗದ ಕೈ ವಿರುಪಣ್ಣನ ವಶದಲ್ಲಿತ್ತೆಂದು ಜನರ ನೆನಪು. ಆದುದರಿಂದಲೇ ಅವನು ಇಂದಿಗೂ ನಾಯಕನೆನಿಸಿಕೊಂಡುದಕ್ಕಿಂತ ಹೆಚ್ಚಾಗಿ ಭಂಡಾರಿಯೆನಿಸಿಕೊಂಡಿದ್ದಾನೆ.

ಲೇಪಾಕ್ಷಿಯಲ್ಲಿ ಆಮೆಯ ಬೆನ್ನಿನಂತೆ ಉಬ್ಬಿದ ತಗ್ಗಾದ ಬಂಡೆಗುಡ್ಡವೊಂದಿದೆ. ಕೂರ್ಮಶೈಲವೆಂದು ಅದರ ಹೆಸರು. ಆ ಗುಡ್ಡವನ್ನು ಒಡೆಯದೆ, ಸಮಮಾಡದೆ, ಅದರ ಏರುತಗ್ಗುಗಳನ್ನೇ ಅನುಸರಿಸಿ ದೇವಾಲಯವನ್ನು ಬೆಳೆಸಿದುದು ವಿರುಪಣ್ಣನ ಸ್ಥಪತಿಗಳ ಜಾಣ್ಮೆ. ವೀರಭದ್ರನು ಪ್ರಧಾನ ದೈವ. ಒಂದೇ ಸೂರಿನಡಿಯಲ್ಲಿ ಪಾಪನಾಶೇಶ್ವರನೂ ರಘುನಾಥನೂ ಎದುರುಬದುರಾಗಿ ನೆಲೆಗೊಂಡಿದ್ದಾರೆ. ನಾಟ್ಯಮಂಟಪದ ಕಂಬಗಳಲ್ಲಿ ರಂಭೆ ಕುಣಿಯುತ್ತಿದ್ದಾಳೆ; ಬ್ರಹ್ಮನು ಮದ್ದಳೆ ನುಡಿಸುತ್ತಿದ್ದಾನೆ; ತುಂಬುರನು ಗಾನ ಮಾಡುತ್ತಿದ್ದಾನೆ; ಮೂರು ಕಾಲಿನ ಭೃಂಗಿಯು ತಾಳಕ್ಕೆ ಹೆಜ್ಜೆಯಿಡುತ್ತಿದ್ದಾನೆ. ಬುಡವು ನೆಲಕ್ಕೆ ಪೂರ್ತಿಯಾಗಿ ತಾಗದ ಕಂಬವೊಂದು ಅಲ್ಲಿದ್ದು, ಅದರ ಕೆಳಗೆ ಬಟ್ಟೆಯನ್ನು ಹಾಯಿಸಿ ನೋಡದ ಯಾತ್ರಿಕನಿಲ್ಲ. ಗುಡಿಗೆ ಅನತಿ ದೂರದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಬಸವಣ್ಣನು ಕುಳಿತಿದ್ದಾನೆ. ಉದ್ದ ಸುಮಾರು 27 ಅಡಿ, ಎತ್ತರ ಸುಮಾರು 15 ಅಡಿ. ಕೊರಳ ಗಂಟೆಸರವನ್ನು ಎಣಿಸಿ ನೋಡಬಹುದಾದಷ್ಟು ಸ್ಫುಟವಾದ ಕೆತ್ತನೆ.

ಏಳು ಹೆಡೆಯ ನಾಗರನು ಲಿಂಗಕ್ಕೆ ನೆರಳಾಗಿರುವ ಶಿಲ್ಪವು ನಾಗಾರಾಧನೆಯ ಕ್ಷೇತ್ರದವರಾದ ನಮಗೆ ವಿಶೇಷವಾಗಿ ಪ್ರಿಯವಾದುದು. ಅದರ ಬಗ್ಗೆ ಒಂದು ಸೊಗಸಾದ ಐತಿಹ್ಯವುಂಟು. ಶಿಲ್ಪಿಗಳು ಹಸಿದು ಊಟಕ್ಕೆ ಬಂದಾಗ ಅಡುಗೆ ಇನ್ನೂ ಆಗಿರಲಿಲ್ಲವಂತೆ. ತಾಯಿ ಒಲೆಯ ಮುಂದಿದ್ದಳು. ಅನ್ನ ಬೇಯುವಷ್ಟರ ಹೊತ್ತು ಸುಮ್ಮನೆ ಕುಳಿತಿರಲಾರದೆ ಅವರು ಎದುರಿನ ಬಂಡೆಯಲ್ಲಿ ಈ ನಾಗನನ್ನು ಕಡೆದರಂತೆ. ಇದು ಅತಿಶಯೋಕ್ತಿಯೇ ಸರಿ. ಆದರೆ ಆ ಅತಿಶಯೋಕ್ತಿಯ ಒಡಲಲ್ಲಿ ಒಂದು ಸತ್ಯವಿದೆ. ಕಲಾವಿದನಿಗೂ ಹಸಿವುಂಟು, ಅವನ ಹಸಿವನ್ನು ನೀಗುವ ಒಲೆಯೊಂದು ಎಲ್ಲಿಯೋ ಉರಿಯುತ್ತಿರಬೇಕು. ಲೇಪಾಕ್ಷಿಯಲ್ಲಿ ಆ ಒಲೆಗೆ ಸೌದೆಯೊಟ್ಟಿದವನು ವಿರುಪಣ್ಣ.

ಶಿಲ್ಪಕ್ಕಿಂತ ಮಿಗಿಲಾಗಿ ಈ ಗುಡಿಗೆ ಕೀರ್ತಿ ತಂದುದು ಚಿತ್ರಗಳು. ವಿಜಯನಗರ ಕಾಲದ ಚಿತ್ರಕಲೆ ಬಹುಮಟ್ಟಿಗೆ ಅಳಿದುಹೋಗಿರುವಾಗ, ಅದರ ವೈಭವವನ್ನು ಇಷ್ಟು ವಿಸ್ತಾರವಾಗಿ ತೋರಬಲ್ಲ ತಾಣ ಬೇರೊಂದು ದೊರೆಯುವುದು ಕಷ್ಟ. ಕಲ್ಲಿನ ಮೇಲ್ಛಾವಣಿಗೆ ಮರಳು ಸುಣ್ಣದ ಗಾರೆಯನ್ನು ಮೆತ್ತಿ, ಅದನ್ನು ನುಣ್ಣಗೆ ತೀಡಿ, ಅದರ ಮೇಲೆ ರೇಖೆಯನ್ನೆಳೆದು ಬಣ್ಣ ತುಂಬಿದ್ದಾರೆ. ಕಾವಿಯ ಕೆಂಪು, ಹಳದಿ ಮಣ್ಣು, ಹಸಿರು, ಸುಣ್ಣದ ಬಿಳುಪು, ದೀಪದ ಮಸಿಯ ಕಪ್ಪು — ಇವೇ ಅವರ ಸಂಪತ್ತು. ನೀಲಿ ಇಲ್ಲವೆಂದೇ ಹೇಳಬಹುದು. ಹೊಲದ ಮಣ್ಣಿನಲ್ಲಿಯೂ ಅಡುಗೆಮನೆಯ ಮಸಿಯಲ್ಲಿಯೂ ದೊರೆಯುವಂತಹ ಬಣ್ಣಗಳಿಂದ ಕೈಲಾಸವನ್ನೇ ಮೂಡಿಸಿದವರು ಅವರು. ಚಿತ್ರಿಸುವ ಮೈ ತಲೆಯ ಮೇಲಿದ್ದುದರಿಂದ ಅಟ್ಟಣೆಯ ಮೇಲೆ ಕೊರಳೆತ್ತಿ, ಕೈ ಮೇಲಕ್ಕೆ ಚಾಚಿ ಬರೆಯಬೇಕು. ಕುಂಚದ ಬಣ್ಣ ಮುಖದ ಮೇಲೆಯೇ ತೊಟ್ಟಿಕ್ಕುತ್ತದೆ. ಅವರು ಹೀಗೆ ದುಡಿಯುತ್ತಿದ್ದ ದಶಕದಲ್ಲಿಯೇ, 1536ರಿಂದ 1541ರವರೆಗೆ, ಮೈಕೆಲೇಂಜೆಲೊ ತನ್ನ ಹಳೆಯ ಚಿತ್ರಗಳಿದ್ದ ಅದೇ ಸಿಸ್ಟೀನ್ ಮಂದಿರದ ಗೋಡೆಯಲ್ಲಿ ಅಂತಿಮ ತೀರ್ಪಿನ ಚಿತ್ರವನ್ನು ಬರೆಯುತ್ತಿದ್ದನೆಂಬುದನ್ನು ನೆನೆದರೆ ಮನಸ್ಸು ವಿಸ್ಮಯಗೊಳ್ಳುತ್ತದೆ.

ನಾಟ್ಯಮಂಟಪದಲ್ಲಿ ತಲೆಯೆತ್ತಿದವನಿಗೆ ಒಂದು ಪುರಾಣಪ್ರಪಂಚವೇ ತೆರೆದುಕೊಳ್ಳುವುದು. ದ್ರೌಪದಿಯ ಸ್ವಯಂವರ, ಗಿರಿಜೆಯ ಕಲ್ಯಾಣ, ಶ್ರೀರಾಮನ ಪಟ್ಟಾಭಿಷೇಕ, ಆಲದೆಲೆಯ ಮೇಲೆ ಮಲಗಿದ ಬಾಲಕೃಷ್ಣ, ಇವೆಲ್ಲ ಸಾಲುಸಾಲಾಗಿ ಸಾಗುತ್ತವೆ. ಹೆಂಗಸರ ಸೀರೆಗಳಲ್ಲಿ ಗೆರೆ, ಹೂವು, ಚೌಕುಳಿಗಳ ಎಷ್ಟು ಬಗೆ! ಗಂಡಸರ ತಲೆಯ ಮೇಲೆ ಉದ್ದನೆಯ ಕುಲಾವಿಗಳು. ನಾಲ್ಕೂವರೆ ಶತಮಾನಗಳಿಗೂ ಹಿಂದೆ ನಮ್ಮ ಸೀಮೆಯ ಜನ ಏನನ್ನು ಉಟ್ಟು ತೊಟ್ಟು ಹಬ್ಬಕ್ಕೆ ಬರುತ್ತಿದ್ದರೆಂಬುದನ್ನು ಯಾವ ಗ್ರಂಥವೂ ಇಷ್ಟು ಸ್ಪಷ್ಟವಾಗಿ ಹೇಳಲಾರದು. ಕಿರಾತಾರ್ಜುನೀಯದ ಪ್ರಸಂಗದಲ್ಲಿ ಬೇಟೆಗೆ ಸಿಕ್ಕ ಹಂದಿಯು ಮೈಯೆಲ್ಲ ರೋಷವಾಗಿ ನುಗ್ಗುವ ಬಗೆಯನ್ನು ನೋಡಿಯೇ ತಿಳಿಯಬೇಕು. ಅದಕ್ಕೆ ಬಾಣ ಬಿಟ್ಟವರು ಇಬ್ಬರು, ಬೇಟೆ ಒಂದು. ಅದು ಯಾರದೆಂಬ ವಾದವೇ ಕಾಳಗವಾಗಿ, ಕಡೆಗೆ ಎದುರಾಳಿಯೇ ಪರಶಿವನೆಂದು ಅರ್ಜುನನಿಗೆ ಅರಿವಾಗುತ್ತದೆ.

ಅರ್ಧಮಂಟಪದ ಮೇಲ್ಛಾವಣಿಯ ಚಿತ್ರವು ಸುಮಾರು 23 ಅಡಿ ಉದ್ದ, 13 ಅಡಿ ಅಗಲ. ದಕ್ಷಿಣಾಮೂರ್ತಿ, ಭಿಕ್ಷಾಟನ, ಹರಿಹರ, ಅರ್ಧನಾರೀಶ್ವರ, ಕಲ್ಯಾಣಸುಂದರ, ತ್ರಿಪುರಾಂತಕ, ನಟರಾಜ, ಲಿಂಗೋದ್ಭವ ಮೊದಲಾದ ಶಿವನ ರೂಪಗಳು ಅಲ್ಲಿ ನೆರೆದಿವೆ. ದಕ್ಷಯಜ್ಞವನ್ನು ಧ್ವಂಸಮಾಡಿದ ವೀರಭದ್ರನೂ ಭವ್ಯಾಕಾರದಲ್ಲಿ ಮೂಡಿದ್ದಾನೆ. ಊರಹಬ್ಬದಲ್ಲಿ ವೀರಗಾಸೆಯ ಕುಣಿತವನ್ನು ಕಂಡು ಬೆಳೆದವರಿಗೆ ಆ ಮೂರ್ತಿಯ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ. ಆ ದೇವನ ಸನ್ನಿಧಿಯಲ್ಲಿ ವಿರುಪಣ್ಣ ವೀರಣ್ಣರ ಚಿತ್ರಗಳೂ ಇವೆ. ಪರಿವಾರದೊಡನೆ, ಕುಲಾವಿ ತೊಟ್ಟು, ಭಕ್ತಿಯಿಂದ ನಿಂತಿದ್ದಾರೆ. ಚಿತ್ರದ ಕಣ್ಣುಗಳು ದೊಡ್ಡವು, ತೆರೆದವು. ಕಣ್ಣಿಲ್ಲದವನೆಂದು ಲೋಕ ಮರುಗುವ ಮನುಷ್ಯನು ತನ್ನ ಗುಡಿಯಲ್ಲಿ ಇಂದಿಗೂ ತೆರೆದ ಕಣ್ಣುಗಳಿಂದ ದೇವರನ್ನು ನೋಡುತ್ತಲೇ ಇದ್ದಾನೆ.

ಈ ಚಿತ್ರಸಮೂಹದಲ್ಲಿ ಅವನ ಬಾಳಿಗೆ ಭಾಷ್ಯದಂತಿರುವುದು ಮನುನೀತಿಚೋಳನ ಕಥೆ. ಚೋಳರಾಜನು ತನ್ನ ಅರಮನೆಯ ಬಾಗಿಲಲ್ಲಿ ನ್ಯಾಯದ ಗಂಟೆಯನ್ನು ಕಟ್ಟಿಸಿದ್ದನು. ಅವನ ಮಗನ ರಥದ ಗಾಲಿಗೆ ಸಿಕ್ಕಿ ಕರುವೊಂದು ಸತ್ತಿತು. ತಾಯಿಹಸುವು ಬಂದು ಗಂಟೆಯನ್ನು ಎಳೆಯಿತು. ದೊರೆಯು ವಿಚಾರಿಸಿ, ತನ್ನ ಮಗನ ಮೇಲೆಯೂ ರಥವನ್ನು ಹಾಯಿಸುವಂತೆ ವಿಧಿಸಿದನು. ಶಿವನು ಮೆಚ್ಚಿ ಕರುವನ್ನೂ ಕುಮಾರನನ್ನೂ ಬದುಕಿಸಿದನು. ಆಳುವವನು ತನ್ನವರಿಗೆ ಒಂದು, ಪರರಿಗೆ ಒಂದು ಎಂದು ತಕ್ಕಡಿಯನ್ನು ತೂಗಬಾರದೆಂಬ ಈ ನೀತಿಯನ್ನು, ಅರಸನ ಬೊಕ್ಕಸದ ಅಧಿಕಾರಿಯೊಬ್ಬನು ತಾನು ಕಟ್ಟಿಸಿದ ಗುಡಿಯ ಮೇಲ್ಛಾವಣಿಯಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಿಸಿದನು. ತಪ್ಪು ಮಾಡಿ ಅಂಜುವವನು ಇಂತಹ ಕಥೆಯನ್ನು ತನ್ನ ತಲೆಯ ಮೇಲೆ ಬರೆಯಿಸಿಕೊಳ್ಳುವನೆ?

ಇನ್ನು ಐತಿಹ್ಯದ ಮಾತು. ಅರಸನು ದೂರದಲ್ಲಿದ್ದಾಗ ವಿರುಪಣ್ಣನು ಅಪ್ಪಣೆಯಿಲ್ಲದೆ ಬೊಕ್ಕಸದ ಹಣವನ್ನೆಲ್ಲ ಗುಡಿಗೆ ಸುರಿದನು. ಕಲ್ಯಾಣಮಂಟಪದ ಕೆಲಸ ನಡೆಯುತ್ತಿದ್ದಾಗ ಅರಸನು ಹಿಂದಿರುಗಿ ಬರಿದಾದ ಭಂಡಾರವನ್ನು ಕಂಡು ಕಿಡಿಕಿಡಿಯಾದನು. ಕಣ್ಣುಗಳನ್ನು ಕೀಳಿಸುವ ದಂಡನೆಯನ್ನು ವಿಧಿಸಿದನು. ರಾಜಭಟರ ಕೈಗೆ ಆ ಕೆಲಸವನ್ನು ಬಿಡದೆ ವಿರುಪಣ್ಣನು ತನ್ನ ಕಣ್ಣುಗಳನ್ನು ತಾನೇ ಕಿತ್ತು, ಕಲ್ಯಾಣಮಂಟಪದ ಬಳಿಯ ಗೋಡೆಗೆ ಎಸೆದನು. ಆ ಗೋಡೆಯಲ್ಲಿ ಕೆಂಪಡರಿದ ಎರಡು ಕಲೆಗಳನ್ನು ಇಂದಿಗೂ ತೋರಿಸುವರು. ಮಂಟಪವು ಮಾಡು ಕಾಣದೆ ಹಾಗೆಯೇ ನಿಂತಿತು. ಊರಿನ ಹೆಸರಿಗೂ ಈ ಕಥೆಯನ್ನು ಹೊಂದಿಸುವವರುಂಟು. ರಾಮಾಯಣದ ಜಟಾಯುವಿಗೆ ಏಳು ಹಕ್ಕಿಯೇ ಎಂದು ರಾಮನು ತೆಲುಗಿನಲ್ಲಿ ಹೇಳಿದುದರಿಂದ ಈ ಹೆಸರಾಯಿತೆಂದು ಒಂದು ಮತ. ಲೇಪ ಮತ್ತು ಅಕ್ಷಿ ಎಂಬ ಪದಗಳು ಸೇರಿದುದೆಂದು ಇನ್ನೊಂದು ಮತ. ಸಂಸ್ಕೃತ ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಎರಡನೆಯದರಲ್ಲಿ ಸವರ್ಣದೀರ್ಘಸಂಧಿಯು ಸರಾಗವಾಗಿ ಕೂಡುತ್ತದೆ. ಲೇಪವೆಂದರೆ ಬಳಿದುದು, ಬಣ್ಣವನ್ನು ಬಳಿದ ಕಣ್ಣೆಂದರೂ ಸರಿಯೇ, ನೆತ್ತರು ಬಳಿದ ಕಣ್ಣೆಂದರೂ ಸರಿಯೇ. ಚಿತ್ರಗಾರನೂ ಪೋಷಕನೂ ಒಂದೇ ಪದದಲ್ಲಿ ಅಡಗಿದಂತಾಯಿತು.

ಆದರೆ ವಿದ್ಯಾವಂತರಾದವರು ಕಥೆಯನ್ನು ಕೇಳಿ ಕಣ್ಣೀರು ಹಾಕಿದ ಮೇಲೆ ವಿಚಾರವನ್ನೂ ಮಾಡಬೇಕು. ಕಣ್ಣು ಕಿತ್ತ ಪ್ರಸಂಗವು ಜನರ ಬಾಯಿಯಲ್ಲಿದೆ, ಕಲ್ಲಿನ ಮೇಲಿಲ್ಲ. ಕಲ್ಲಿನ ಮೇಲಿರುವುದು ಅಚ್ಯುತರಾಯನ ಆಳ್ವಿಕೆಯ ದತ್ತಿಶಾಸನಗಳು. ದೇವರ ಪೂಜೆ ನೈವೇದ್ಯಗಳಿಗಾಗಿ ಬಿಟ್ಟ ಭೂಮಿಕಾಣಿಗಳ ವಿವರಗಳು. 1530ರ ದಶಕದಲ್ಲಿ ಹೀಗೆ ಬಹಿರಂಗವಾಗಿ ಶಾಸನ ಬರೆಯಿಸಿ ನಡೆಸಿದ ಕಾರ್ಯವನ್ನು ಗುಟ್ಟಿನ ಕೆಲಸವೆಂದು ಒಪ್ಪುವುದು ಹೇಗೆ? ಪೆನುಕೊಂಡೆಗೆ ಹತ್ತಿರದ ಗುಡ್ಡದ ಮೇಲೆ ಅಷ್ಟು ಮಂದಿ ಕಲ್ಲುಕುಟಿಗರು ಉಳಿಯ ಸದ್ದು ಮಾಡುತ್ತಿದ್ದುದು ದೊರೆಯ ಕಿವಿಗೆ ಬೀಳದಿರುವುದು ಸಂಭವವೆ? ಅಪೂರ್ಣವಾಗಿ ನಿಂತ ಮಂಟಪಗಳು ವಿಜಯನಗರದ ನಾಡಿನಲ್ಲಿ ಬೇರೆಯೂ ಇವೆ. ರಾಜನು ಕಾಲವಶನಾದಾಗ, ಅಧಿಕಾರ ಕೈಬದಲಾದಾಗ, ಕೆಲಸ ನಿಂತುಹೋಗುವುದು ಲೋಕದಲ್ಲಿ ಕಂಡುದೇ. 1542ರಲ್ಲಿ ಅಚ್ಯುತನು ತೀರಿಕೊಂಡ ಮೇಲೆ ಸಿಂಹಾಸನಕ್ಕಾಗಿ ಕಲಹವೆದ್ದಿತೆಂಬುದು ಚರಿತ್ರೆ. ಆದುದರಿಂದ ವಿರುಪಣ್ಣನನ್ನು ಕಳ್ಳನೆನ್ನಲು ಆಧಾರವಿಲ್ಲವೆಂಬುದೇ ನನ್ನ ತೀರ್ಮಾನ.

ಹಾಗಾದರೆ ಜನರು ಈ ಕಥೆಯನ್ನು ಶತಮಾನಗಳ ಕಾಲ ಏಕೆ ಕಾಪಾಡಿಕೊಂಡು ಬಂದರು? ಇದನ್ನು ನಾನು ಬಹಳ ಯೋಚಿಸಿದ್ದೇನೆ. ಗುಡಿಗೆ ಹೋದ ರೈತನು ಆ ವೈಭವವನ್ನು ಕಂಡು ಕೈಮುಗಿದನು. ಮರುಕ್ಷಣವೇ, ಇದಕ್ಕೆಲ್ಲ ಹಣ ಎಲ್ಲಿಯದು ಎಂದು ತನ್ನಲ್ಲಿಯೇ ಕೇಳಿಕೊಂಡನು. ಬೊಕ್ಕಸವು ತುಂಬಿದುದು ಅವನ ಹೊಲದ ಕಂದಾಯದಿಂದ. ದೇವರ ಹೆಸರಿನಲ್ಲಿ ಖರ್ಚಾದರೂ ಪರರ ಹಣಕ್ಕೆ ಲೆಕ್ಕ ಕೊಡಬೇಕೆಂಬ ಧರ್ಮಪ್ರಜ್ಞೆ ಅವನಲ್ಲಿತ್ತು. ಆದರೆ ಆ ಸೌಂದರ್ಯವನ್ನು ಅಪರಾಧವೆನ್ನಲು ಅವನ ಮನಸ್ಸು ಒಪ್ಪಲಿಲ್ಲ. ಈ ಎರಡು ಭಾವಗಳ ನಡುವೆ ಕಥೆ ಹುಟ್ಟಿತು. ಕಥೆಯೊಳಗೆ ವಿರುಪಣ್ಣನು ಓಡಿಹೋಗಲಿಲ್ಲ, ಸುಳ್ಳು ಲೆಕ್ಕ ಬರೆಯಲಿಲ್ಲ, ತಪ್ಪನ್ನು ಕೈಕೆಳಗಿನವರ ಮೇಲೆ ಹೊರಿಸಲಿಲ್ಲ. ತನ್ನಲ್ಲಿದ್ದ ಅತ್ಯಂತ ಪ್ರಿಯವಾದ ವಸ್ತುವನ್ನು ಕೊಟ್ಟು ಸಾಲ ತೀರಿಸಿದನು. ಚಿತ್ರಗಳನ್ನು ಬರೆಯಿಸಿದವನಿಗೆ ಕಣ್ಣಿಗಿಂತ ಪ್ರಿಯವಾದುದು ಮತ್ತೇನಿದ್ದೀತು? ಕಥೆಯು ಘಟನೆಯಾಗಿ ಸುಳ್ಳಾಗಬಹುದು. ಲೆಕ್ಕ ಕೊಡುವವನ ದಿಟ್ಟತನವನ್ನು ಮೆಚ್ಚಿದ ಜನರ ಅಂತಃಕರಣ ಸುಳ್ಳಲ್ಲ.

ಇಲ್ಲಿ ಮತ್ತೊಂದು ಋಣವನ್ನು ನೆನೆಯದೆ ಲೇಖನವನ್ನು ಮುಗಿಸುವಂತಿಲ್ಲ. ರೋಮ್ ನಗರದ ಅಂತಿಮ ತೀರ್ಪಿನ ಚಿತ್ರದಲ್ಲಿ ಒಬ್ಬ ಸಂತನು ಹಿಡಿದಿರುವ ಸುಲಿದ ಚರ್ಮದಲ್ಲಿ ಮೈಕೆಲೇಂಜೆಲೊ ತನ್ನ ಮುಖವನ್ನೇ ಬರೆದಿದ್ದಾನೆಂದು ತಿಳಿದವರು ಹೇಳುವರು. ಲೇಪಾಕ್ಷಿಯಲ್ಲಿ ಪೋಷಕನ ಮುಖವಿದೆ, ಚಿತ್ರಗಾರರ ಮುಖವಿಲ್ಲ. ಅವರ ಹೆಸರುಗಳು ಯಾರ ನಾಲಗೆಯ ಮೇಲೂ ಉಳಿದಿಲ್ಲ. ಕಣ್ಣು ಕೊಟ್ಟನೆಂದು ವಿರುಪಣ್ಣನಿಗಾಗಿ ಮರುಗುವ ನಾವು, ಕಾವಿಯ ಬಟ್ಟಲು ಹಿಡಿದು ವರ್ಷಗಟ್ಟಲೆ ತಲೆಯೆತ್ತಿ ನಿಂತು ತಮ್ಮ ಕಣ್ಣಿನ ಕಾಂತಿಯನ್ನು ಆ ಗಾರೆಗೆ ಸವೆಸಿದವರಿಗಾಗಿ ಒಂದು ನಿಟ್ಟುಸಿರನ್ನಾದರೂ ಬಿಡಬೇಡವೆ? ಮಳೆಯ ನೀರು ಒಸರಿ ಕೆಲವು ಚಿತ್ರಗಳು ಮಾಸಿವೆ. ಗುಡಿಯು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. 2022ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಲೋಕವು ಅದನ್ನು ಗುರುತಿಸಿದೆ. ನೆರೆಯವರಾದ ನಾವು ಗುರುತಿಸುವುದು ಇನ್ನೂ ಹೆಚ್ಚಿನ ಕರ್ತವ್ಯ.

ವಿದ್ಯಾಸಂಸ್ಥೆಯೂ ಒಂದು ಬಗೆಯ ದೇವಾಲಯವೇ. ದಾನಿಗಳು ಕೊಟ್ಟ ಹಣದಿಂದ ಅದರ ಗೋಡೆಗಳು ಏಳುತ್ತವೆ. ದಾನಿಗಳ ಹೆಸರು ಕಲ್ಲಿನ ಮೇಲೆ ನಿಲ್ಲುವುದು ನ್ಯಾಯವೇ. ಆ ಹಣವನ್ನು ಕೈಯಲ್ಲಿ ಹಿಡಿದವರು ವಿರುಪಣ್ಣನಂತೆ ಧಾರಾಳಿಗಳೂ ಆಗಿರಬೇಕು, ಕಾಸುಕಾಸಿಗೆ ಉತ್ತರ ಕೊಡುವ ದಿಟ್ಟರೂ ಆಗಿರಬೇಕು. ಇನ್ನು ಉಪಾಧ್ಯಾಯನು ಆ ಹೆಸರಿಲ್ಲದ ಚಿತ್ರಗಾರನ ಜಾತಿಯವನು. ಅವನು ಬರೆದುದು ಮಕ್ಕಳ ಮನಸ್ಸಿನ ಮೇಲೆ. ಅಲ್ಲಿ ಅವನ ಸಹಿ ಇರುವುದಿಲ್ಲ. ಬಣ್ಣ ಮಾತ್ರ ಉಳಿಯುತ್ತದೆ.

ಅಂದು ಪ್ರಶ್ನೆ ಕೇಳಿದ ಆ ಹುಡುಗನು ಈಗ ದೊಡ್ಡವನಾಗಿರಬೇಕು. ಈ ಸಂಚಿಕೆಯು ಅವನ ಕೈಸೇರಿದರೆ ನನ್ನ ಉತ್ತರವನ್ನು ಓದಿಕೊಳ್ಳಲಿ. ವಿರುಪಣ್ಣನು ಕಳ್ಳನಲ್ಲ. ಭಕ್ತನು ಹೌದು, ಆದರೆ ಭಕ್ತನಿಗೂ ಲೆಕ್ಕ ಕೇಳುವ ಹಕ್ಕು ಲೋಕಕ್ಕೆ ಉಂಟೆಂಬುದನ್ನು ತನ್ನ ಕಥೆಯಿಂದ ನಮಗೆ ಕಲಿಸಿಕೊಟ್ಟವನು. ಪಿನಾಕಿನಿಯ ನೀರು ಹರಿಯುವವರೆಗೆ ಅವನ ಹೆಸರು ಈ ಸೀಮೆಯಲ್ಲಿ ಬಾಳಲಿ.